ಮಕ್ಸೂದನ ಮುಂದೆ ಸುಳ್ಳು ನಡೆಯದು

ಗುಂಡ್ಲುಪೇಟೆಯಲ್ಲಿ ಸೈಕಲ್ ಶಾಪ್ ಇಟ್ಟಿದ್ದ ಮಕ್ಸೂದನಿಗೆ ಒಂದು ಚಾಳಿ. ಸೈಕಲ್ಲು ಹೇಗೆ ಕೆಟ್ಟಿತೆಂದು ತಿಳಿಯದೆ ಅವನು ಸ್ಪಾನರ್ ಮುಟ್ಟುತ್ತಿರಲಿಲ್ಲ. ರಿಮ್ಮು ಡೊಂಕಾಗಿದ್ದರೆ ಯಾವ ಗುಂಡಿ, ಹಿಂದೆ ಯಾರು ಕೂತಿದ್ದರು, ಎಲ್ಲ ಒಪ್ಪಿಸಬೇಕು. ನಿಂತಿದ್ದ ಸೈಕಲ್ಲು ತಾನಾಗೇ ಬಿತ್ತು ಎಂದವರಿಗೆ, ಹಾಗಾದರೆ ತಾನಾಗೇ ರಿಪೇರಿಯೂ ಆಗಲಿ ಎನ್ನುತ್ತಿದ್ದ. ಕಬ್ಬಿಣದ ಮುಂದೆ ಯಾರ ಸುಳ್ಳೂ ನಡೆಯದು ಎಂಬುದು ಅವನ ನಂಬಿಕೆ. ಅನ್ನ ಸೀದರೂ ಈ ಮನುಷ್ಯನಿಗೆ ವಿಚಾರಣೆ ಆಗಬೇಕು ಎಂದು ಹೆಂಡತಿ ಹಫೀಜಾ ರೇಗುತ್ತಿದ್ದಳು. ಆದರೂ ಜನ ಬರುತ್ತಿದ್ದರು, ಕೈಕೆಲಸ ಹಾಗಿತ್ತು.

ಐವತ್ತೈದನೇ ಇಸವಿಯ ಒಂದು ಬೆಳಿಗ್ಗೆ ಹಂಗಳದ ಪುಟ್ಟಮಾದಯ್ಯ ಸೈಕಲ್ಲು ತಳ್ಳಿಕೊಂಡು ಬೆವರಿಳಿಸುತ್ತಾ ಬಂದ. ಪೆಡಲ್ಲಿನ ಅಚ್ಚು ಲೊಟಲೊಟ ಅಲ್ಲಾಡುತ್ತಿತ್ತು. ಬಲಗಡೆ ಅದನ್ನು ಹಿಡಿದಿಡುವ ಉಕ್ಕಿನ ಬಟ್ಟಲು ಫ್ರೇಮಿನಿಂದ ಕಿತ್ತು ಬರುವಂತಿತ್ತು. ಮಕ್ಸೂದನ ಪ್ರಶ್ನೆಗೆ ಉತ್ತರ ಸಿದ್ಧವಾಗಿತ್ತು: ಒಡಹುಟ್ಟಿದ ತಮ್ಮ, ಚಿಕ್ಕಯ್ಯ, ಮೊನ್ನೆ ಟೆಂಟ್ ಸಿನಿಮಾಕ್ಕೆ ಹೊಡೆದುಕೊಂಡು ಹೋಗಿ ಹಾಳುಮಾಡಿದ್ದಾನೆ. ನಿನ್ನೆ ಮನೆ ಬಿಟ್ಟು ತೊಲಗು ಎಂದದ್ದಕ್ಕೆ ಅವನು ತುಟಿಪಿಟಕ್ಕೆನ್ನದೆ ಗಂಟುಮೂಟೆ ಕಟ್ಟಿದ. ಇವತ್ತು ಸಂಜೆ ಚಾಮರಾಜನಗರದಲ್ಲಿ ರೈಲು ಹತ್ತಿ ಮೈಸೂರಿನ ಮಿಲ್ಲಿಗೆ ಸೇರುತ್ತಾನಂತೆ. ತಾಯಿ ದೊಡ್ಡಮಲ್ಲಮ್ಮ ಹರವೆಯ ಮಗಳ ಮನೆಗೆ ಹೋಗಿದ್ದಾಳೆ, ಅವಳಿಗೆ ಈ ಜಗಳ ಗೊತ್ತಿಲ್ಲ. ಹೋಗಲಿ ಬಿಡಿ, ಪೀಡೆ ತೊಲಗಿತು ಎಂದ. ಹಾಗೆನ್ನುವಾಗ ಮುಖ ಮಾತ್ರ ರಸ್ತೆಯ ಕಡೆಗಿತ್ತು.

ಮಕ್ಸೂದನಿಗೆ ಆ ತುಟಿಪಿಟಕ್ಕೆನ್ನದೆ ಹೋದದ್ದೇ ತಲೆಯಲ್ಲಿ ಕೊರೆಯತೊಡಗಿತು. ತಪ್ಪು ಮಾಡಿದವನು ಸುಳ್ಳು ಹೇಳುತ್ತಾನೆ, ಮಾಡದವನು ಕೂಗಾಡುತ್ತಾನೆ. ಎರಡೂ ಇಲ್ಲದೆ ಹೊರಟುಹೋದವನ ಸಂಗತಿ ಏನು?

ಬಟ್ಟಲು ಬಿಚ್ಚಿ ನೋಡಿದ. ಫ್ರೇಮಿನೊಳಗಿನ ಥ್ರೆಡ್ಡು, ತಿರುಪು ಕಚ್ಚಿಕೊಳ್ಳುವ ಆ ಸಣ್ಣ ಗೆರೆಗಳು, ಬಾಯಿಯ ಹತ್ತಿರ ನಜ್ಜುಗುಜ್ಜಾಗಿದ್ದವು. ಯಾರೋ ಬಟ್ಟಲನ್ನು ಗುದ್ದಿ ಕೂರಿಸಿದ್ದರು. ಸಂದಿಯಲ್ಲಿ ಹರಳೆಣ್ಣೆಯ ಜಿಡ್ಡು. ಚಿಮಟಕ್ಕೆ ಬೂದು ಬಣ್ಣದ ನೂಲೊಂದು ಸಿಕ್ಕಿ ಉದ್ದಕ್ಕೂ ಬಂತು. ಇದೇನಪ್ಪಾ ಎಂದು ಮಕ್ಸೂದ ಅದನ್ನು ಬೆಳಕಿಗೆ ಹಿಡಿದ.

ಪುಟ್ಟಮಾದಯ್ಯ ಅದನ್ನು ಬೆರಳಲ್ಲಿ ಹೊಸಕಿ ನೋಡಿ ಅಲ್ಲೇ ಕುಕ್ಕರಿಸಿದ. ವಿಭೂತಿ ಹಚ್ಚಿ ಹೊಸೆದ ದೀಪದ ಬತ್ತಿ ಅದು. ಆ ಮನೆಯಲ್ಲಿ ಬತ್ತಿ ಹೊಸೆಯುವವಳು ಒಬ್ಬಳೇ.

"ನಮ್ಮವ್ವ ಕಣ್ ಸಾಬ್ರೆ. ಸೈಕಲ್ಲು ಕಟಕಟ ಅಂತದೆ ಅಂತ ನಾನು ದಿನಾ ಬಯ್ಯೋನು. ಅದ್ಕೇ ಬಿಗಿ ಮಾಡವ್ಳೆ."

ಹೇಗೆ ಮಾಡಿರಬಹುದೆಂದು ಮಕ್ಸೂದ ಕಣ್ಣಾರೆ ಕಂಡವನಂತೆ ಹೇಳಿದ. ಬೇರೆ ತಿರುಪುಗಳು ಬಲಕ್ಕೆ ಬಿಗಿಯುತ್ತವೆ. ಈ ಬಟ್ಟಲು ಎಡಕ್ಕೆ. ಆರತಿಯನ್ನೂ ರಾಗಿಕಲ್ಲನ್ನೂ ಬಲಕ್ಕೇ ತಿರುಗಿಸಿದ ಕೈ ಒಲೆಯ ಇಕ್ಕಳ ಹಿಡಿದು ಇದನ್ನೂ ಬಲಕ್ಕೇ ತಿರುಗಿಸಿದೆ. ತಿರುಗಿಸಿದಷ್ಟೂ ಸಡಿಲ. ಕೊನೆಗೆ ಬತ್ತಿ ಸುತ್ತಿ, ಗುಂಡುಕಲ್ಲಿನಿಂದ ಗುದ್ದಿದ್ದಾಳೆ ಪುಣ್ಯಾತ್ಗಿತ್ತಿ.

ಪುಟ್ಟಮಾದಯ್ಯನ ಮುಖ ಕಪ್ಪಿಟ್ಟಿತು. ಚಾಮರಾಜನಗರದ ಬಸ್ಸು ಹೋಗಿಯಾಗಿತ್ತು. ಸಂತೆಯ ದಿನವಾದ್ದರಿಂದ ಶಾಪಿನಲ್ಲಿ ಬಾಡಿಗೆ ಸೈಕಲ್ಲು ಒಂದೂ ಉಳಿದಿರಲಿಲ್ಲ. ರೈಲು ಹೊರಡುವುದರೊಳಗೆ ತಮ್ಮನನ್ನು ಹಿಡಿಯಬೇಕೆಂದರೆ ಈ ಮುರುಕಲೇ ಗತಿ. ಹತ್ತಿಬಿಟ್ಟನೋ, ಹಟಮಾರಿ, ಮತ್ತೆ ಈ ಕಡೆ ತಲೆ ಹಾಕುವವನಲ್ಲ.

ಮಕ್ಸೂದ ಒಂದು ಹಳೆಯ ಬಟ್ಟಲು ಹುಡುಕಿ, ಸಾಣೆಯ ಅಂಚಿಗೆ ಹಿಡಿದು ಅದರ ಥ್ರೆಡ್ಡಿಗೆ ಅಡ್ಡಡ್ಡ ಗೀರು ಹಾಕಿದ. ಆ ಗೀರುಗಳ ಅಂಚೇ ಫ್ರೇಮಿನ ಗೆರೆಗಳನ್ನು ಮತ್ತೆ ಕೊರೆಯುವ ಹಲ್ಲಾಯಿತು. ಎಣ್ಣೆ ಬಿಟ್ಟು, ಎಡಕ್ಕೆ ಒಂದಿಷ್ಟು ತಿರುಗಿಸಿ, ಹಿಂದಕ್ಕೆ ತಂದು, ಪುಡಿ ಒರೆಸಿ, ಮತ್ತೆ ಎಡಕ್ಕೆ. ಆತುರಪಟ್ಟರೆ ಫ್ರೇಮೇ ಹೋಯಿತು. ಪುಟ್ಟಮಾದಯ್ಯ ಬಿಸಿಲು ನೋಡುತ್ತಾ ಶತಪಥ ತಿರುಗಿದ. ಒಳಗಿದ್ದ ಕೆಡದ ಗೆರೆ ಸಿಕ್ಕಿದ್ದೇ ತಡ, ಬಟ್ಟಲು ಸರಾಗವಾಗಿ ಇಳಿಯಿತು. ಅದನ್ನು ತೆಗೆದು, ಗೀರಿಲ್ಲದ ಒಳ್ಳೆಯ ಬಟ್ಟಲೊಂದನ್ನು ಅಚ್ಚಿನೊಂದಿಗೆ ಎಡಕ್ಕೆ ಬಿಗಿದ. ಪುಟ್ಟಮಾದಯ್ಯ ಸೈಕಲ್ಲು ಹತ್ತಿ ತಿರುಗಿಯೂ ನೋಡದೆ ತುಳಿದ.

ಚಿಕ್ಕಯ್ಯ ಪ್ಲಾಟ್‌ಫಾರಮ್ಮಿನಲ್ಲಿ ಸಿಕ್ಕಿದ. ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದ್ದಕ್ಕೆ ಅವನು ಹೇಳಿದ್ದನ್ನು ಪುಟ್ಟಮಾದಯ್ಯ ಮಾರನೆಯ ದಿನ ಮಕ್ಸೂದನಿಗೆ ಒಪ್ಪಿಸಿದ. "ಅವ್ವ ಇಕ್ಕಳ ಇಡ್ಕಂಡಿದ್ದುನ್ನ ನಾನೇ ನೋಡಿದ್ದೆ ಕಣಣ್ಣ. ನಿನ್ ಬೈಗುಳ ನಂಗೆ ರೂಢಿ. ಅವ್ವುಂಗೆ ಇಲ್ಲ."

ಕೆಲವು ದಿನ ಕಳೆದು ದೊಡ್ಡಮಲ್ಲಮ್ಮ ಹರವೆಯಿಂದ ಬಸ್ಸಿನಲ್ಲಿ ಬಂದಿಳಿದಳು. ಊರಿಗೆ ಕರೆದೊಯ್ಯಲು ಸೈಕಲ್ಲು ತಂದಿದ್ದ ಚಿಕ್ಕಯ್ಯ ಗಾಳಿ ಹೊಡೆಸಲು ಶಾಪಿನ ಮುಂದೆ ನಿಲ್ಲಿಸಿದ. ಮುದುಕಿ ಪೆಡಲ್ಲನ್ನು ಕೈಯಲ್ಲಿ ತಿರುಗಿಸಿ, ಕಿವಿಗೊಟ್ಟು, ಹಿಗ್ಗಿದಳು.

"ಒಂದ್ ಚೂರೂ ಸದ್ದಿಲ್ಲ ನೋಡಪ್ಪ. ನಾನೇ ಬಿಗಿ ಮಾಡಿದ್ದು."

ಚಿಕ್ಕಯ್ಯ ನೆಲ ನೋಡಿದ. ಮಕ್ಸೂದನಿಗೆ ಹಳೆಯ ಚಾಳಿ ಬಿಡಬೇಕಲ್ಲ, ಯಾವ ಕಡೆಗೆ ತಿರುಗಿಸಿದಿರಿ ಎಂದು ಕೇಳಿಯೇಬಿಟ್ಟ.

"ಬಲಕ್ಕೆ. ಇನ್ಯಾವ್ ಕಡೀಕೆ?"

ಮಕ್ಸೂದ ಬಗ್ಗಿ ಬಟ್ಟಲನ್ನು ಬೆರಳಿನಿಂದ ತಟ್ಟಿದ.

"ಸರಿಯಾಗೇ ಬಿಗಿದಿದೀರಿ, ಅವ್ವಾ," ಎಂದ. ಆಮೇಲೆ ತಲೆ ಎತ್ತದೆ ಹಿಂದಿನ ಚಕ್ರಕ್ಕೆ ಪಂಪು ಹಾಕಿದ.