ದೀಪ ಆರಿಸುವ ಭಾವ

ಡ್ರೈವಿಂಗ್ ಸ್ಕೂಲಿನ ಒಡತಿಗೆ ಗಂಡನ ಅಣ್ಣನ ಮೇಲೆ ಕೋಪವಿತ್ತು ಎಂದರೆ ಅದು ಆ ಮನುಷ್ಯನಿಗೆ ಕೊಟ್ಟ ಮರ್ಯಾದೆಯಾದೀತು. ಕೋಪ ಬರಬೇಕಾದರೂ ಎದುರಿಗಿರುವವರಿಗೆ ಒಂದಿಷ್ಟು ತೂಕ ಬೇಕು. ಭಾವ ಮೆಟ್ಟಿಲು ಹತ್ತಿ ಬರುವ ಸದ್ದು ಕೇಳಿದರೆ ಅವಳ ತುಟಿಯ ಒಂದು ಮೂಲೆ ತಾನಾಗಿ ಕೆಳಗಿಳಿಯುತ್ತಿತ್ತು, ಅಷ್ಟೆ.

ಸ್ಕೂಲೆಂದರೆ ಇಸ್ತ್ರಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡ ಒಂದು ಶಟರ್ ಕೋಣೆ, ಒಂದು ಮೇಜು, ಗೋಡೆಯ ಮೇಲೆ ಬಣ್ಣ ಮಾಸಿದ ಸಂಚಾರ ಚಿಹ್ನೆಗಳು, ಹೊರಗೆ ಎರಡು ಹಳೆಯ ಕಾರು. ಒಂದು ಬಿಳಿ, ಇನ್ನೊಂದು ಹಿಂದೊಮ್ಮೆ ಕೆಂಪಾಗಿದ್ದದ್ದು. ಕಲಿಯಲು ಬಂದವರು ಅವಳನ್ನು ಬೆನ್ನ ಹಿಂದೆ ಕ್ಲಚ್ ಮೇಡಂ ಎನ್ನುತ್ತಿದ್ದರು. ಅವಳ ಬಾಯಿಂದ ದಿನಕ್ಕೆ ಅತಿ ಹೆಚ್ಚು ಸಲ ಹೊರಡುವ ಪದ ಅದೇ. ಗಂಡ ಒಳಗೆ ಕೂತು ಅರ್ಜಿ ತುಂಬುತ್ತಿದ್ದ, ಫೋನ್ ಎತ್ತುತ್ತಿದ್ದ, ಯಾರು ಏನು ಹೇಳಿದರೂ ಹೌದೌದು ಎನ್ನುತ್ತಿದ್ದ. ಒಳ್ಳೆಯವನು. ಅವನ ಒಳ್ಳೆಯತನವನ್ನು ಅವಳು ಮನೆಯ ಹಳೇ ಸೋಫಾದಂತೆ ಸಹಿಸಿಕೊಂಡಿದ್ದಳು.

ಭಾವ ಮೊದಲು ಮನೆಮನೆಗೆ ಹೋಗಿ ನೀರಿನ ಫಿಲ್ಟರ್ ಮಾರುತ್ತಿದ್ದವನು. ಅದನ್ನು ಬಿಟ್ಟ ಮೇಲೆ ಮನೆಯಲ್ಲಿ ಕೂತು ಮೊಬೈಲ್ ಉಜ್ಜುತ್ತಾ ಉಜ್ಜುತ್ತಾ ಒಂದು ದಿನ ಬೆಂಕಿಪೊಟ್ಟಣದಷ್ಟು ದೊಡ್ಡ ನೀಲಿ ಅಡಾಪ್ಟರ್ ಒಂದನ್ನು ತರಿಸಿಕೊಂಡ. ಕಾರಿನ ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ ಇರುವ ಕಿಂಡಿಗೆ ಅದನ್ನು ಚುಚ್ಚಿದರೆ ಎಂಜಿನ್ನಿನ ಕಂಪ್ಯೂಟರ್ ಹೇಳುವುದು ಫೋನಿನಲ್ಲಿ ಕಾಣುತ್ತದೆ. ಸಿಗುವುದರಲ್ಲೇ ಅಗ್ಗದ್ದನ್ನು ಹುಡುಕಿ ಕೊಂಡಿದ್ದ. ಅದಕ್ಕೆ ಹೊಂದುವ ಆ್ಯಪ್ ಕೂಡ ಪುಕ್ಕಟೆಯದು. ಅಲ್ಲಿಂದ ಅವನಿಗೆ ಕೊಂಬು ಬಂತು. ಬಂಧುಬಳಗದಲ್ಲಿ ಯಾರ ಕಾರಿನಲ್ಲಿ ಎಂಜಿನ್ನಿನ ದೋಷ ಸೂಚಿಸುವ ದೀಪ ಹತ್ತಿಕೊಂಡರೂ ಭಾವನಿಗೆ ಕರೆ ಹೋಗುತ್ತಿತ್ತು. ಬಂದವನು ಬಾಗಿಲು ತೆರೆದು ಕುಕ್ಕರಗಾಲಲ್ಲಿ ಕೂರುತ್ತಿದ್ದ, ಎಲ್ಲರೂ ಸುಮ್ಮನಿರಿ ಎಂದು ಕೈ ಎತ್ತುತ್ತಿದ್ದ, ರೋಗಿಯ ಎದೆಬಡಿತ ಕೇಳುವವನಂತೆ ಹುಬ್ಬು ಗಂಟಿಕ್ಕುತ್ತಿದ್ದ. ಆಮೇಲೆ ಎಂಜಿನ್ ಬರೆದಿಟ್ಟ ದೋಷದ ಕೋಡನ್ನು ಓದದೆಯೇ ಅಳಿಸು ಎಂಬ ಗುಂಡಿಯನ್ನು ಒತ್ತುತ್ತಿದ್ದ. ದೀಪ ಆರುತ್ತಿತ್ತು.

ಎಲ್ಲ ಕಾರಿಗೂ ಅವನದು ಒಂದೇ ಮಾತು, ಸಣ್ಣ ಸೆನ್ಸರ್ ಪ್ರಾಬ್ಲಮ್. ಜನ ಕೈಮುಗಿಯುವುದೊಂದೇ ಬಾಕಿ.

ಬಿಳಿ ಕಾರಿನಲ್ಲಿ ದೀಪ ಹತ್ತಿದಾಗ ಗಂಡ ಅಣ್ಣನನ್ನು ಕರೆಸಿದ. ದೀಪ ಆರಿತು. ಮುಂದಿನ ವಾರ ಮತ್ತೆ ಹತ್ತಿತು, ಮತ್ತೆ ಆರಿಸಿದ. ಕೋಡ್ ಏನು ಬಂದಿದೆ, ತೋರಿಸಿ ಎಂದು ಅವಳು ಕೇಳಿದ್ದಕ್ಕೆ ಭಾವ ಫೋನನ್ನು ಜೇಬಿಗಿಳಿಸಿದ. "ಅದೆಲ್ಲ ಟೆಕ್ನಿಕಲ್ ಅಮ್ಮ. ನೀನು ಸ್ಟೀರಿಂಗ್ ಹಿಡಿಯೋದು ಹೇಳಿಕೊಡು, ಸಾಕು."

ಅವಳು ಕಾರಿನ ಕೀಲಿ ಎತ್ತಿಕೊಂಡು ಮುಂದಿನ ಪಾಠಕ್ಕೆ ಹೊರಟಳು, ಆ ಮಾತನ್ನು ಮಾತ್ರ ಮರೆಯಲಿಲ್ಲ.

ಅದಾದ ಕೆಲವು ದಿನಕ್ಕೆ ಕಲಿಯಲು ಬರುತ್ತಿದ್ದ ಆಸ್ಪತ್ರೆಯ ನರ್ಸ್ ಒಬ್ಬಳು ಬಿಳಿ ಕಾರನ್ನು ಮೇಲ್ಸೇತುವೆಯ ಏರು ಹತ್ತಿಸುತ್ತಿದ್ದಾಗ ಅದು ಗಡಗಡ ನಡುಗಿ ನಿಂತುಬಿಟ್ಟಿತು. ಹಿಂದೆ ಬಸ್ಸು, ಬಸ್ಸಿನ ಹಿಂದೆ ಊರೆಲ್ಲ. ಕ್ಲಚ್, ಕ್ಲಚ್ ಎಂದು ಒಡತಿ ಗದರಿದಳು. ನರ್ಸ್ ಮತ್ತೆ ಸ್ಟಾರ್ಟ್ ಮಾಡಿದಳು, ಮತ್ತೆ ನಿಂತಿತು. ಆ ಹೆಣ್ಣುಮಗಳು ಸ್ಟೀರಿಂಗ್ ಬಿಟ್ಟು ತನಗೆ ಈ ಜನ್ಮದಲ್ಲಿ ಕಾರು ಬರುವುದಿಲ್ಲ ಎಂದು ಅತ್ತುಬಿಟ್ಟಳು. ಸೀಟು ಬದಲಿಸಿ ತಾನೇ ಕೂತು ನೋಡಿದಾಗ ಒಡತಿಗೆ ಗೊತ್ತಾಯಿತು, ತಪ್ಪು ನರ್ಸಿನ ಕಾಲಿನದಲ್ಲ, ಎಂಜಿನ್ನೇ ಉಸಿರಿಗೆ ಒದ್ದಾಡುತ್ತಿದೆ. ಡ್ಯಾಶ್‌ಬೋರ್ಡಿನಲ್ಲಿ ದೀಪವಿರಲಿಲ್ಲ. ಹಿಂದಿನ ದಿನವಷ್ಟೇ ಭಾವ ಬಂದುಹೋಗಿದ್ದ.

ಸ್ಕೂಲಿಗೆ ಬಂದು ನರ್ಸಿಗೆ ಚಹಾ ತರಿಸಿಕೊಟ್ಟು, ಬೈದದ್ದು ತನ್ನ ತಪ್ಪು ಎಂದು ನೇರವಾಗಿ ಹೇಳಿದಳು. ಅಂಥ ಮಾತು ಅವಳ ಬಾಯಿಂದ ಬಂದದ್ದು ನೋಡಿ ಗಂಡ ಅರ್ಜಿಯಿಂದ ತಲೆ ಎತ್ತಿದ.

ಅದೇ ಸಂಜೆ ಅವಳು ತನ್ನದೇ ಅಡಾಪ್ಟರ್ ಕೊಳ್ಳಲು ಹೊರಟಳು. ಎಲೆಕ್ಟ್ರಾನಿಕ್ಸ್ ಅಂಗಡಿಯವನು ಗಾಜಿನ ಪೆಟ್ಟಿಗೆಯಿಂದ ಒಂದನ್ನು ತೆಗೆದು, ಇದು ಎಲ್ಲ ಕಾರಿಗೂ ಎಲ್ಲ ಫೋನಿಗೂ ಆಗುತ್ತದೆ ಎಂದ. ಎಲ್ಲದಕ್ಕೂ ಆಗುತ್ತದೆ ಎನ್ನುವ ವಸ್ತುವನ್ನೂ ಮನುಷ್ಯರನ್ನೂ ನಂಬದವಳು ಅವತ್ತು ಅವಸರದಲ್ಲಿ ನಂಬಿದಳು. ಮನೆಗೆ ತಂದು ಚುಚ್ಚಿದರೆ ಅಡಾಪ್ಟರಿನಲ್ಲಿ ದೀಪ ಮಿಣಮಿಣ ಎಂದಿತೇ ಹೊರತು ಫೋನು ಅದರ ಮುಖ ನೋಡಲಿಲ್ಲ. ಅವಳ ಫೋನಿನ ಜಾತಿಗೆ ಆ ಬಗೆಯ ಬ್ಲೂಟೂತ್ ಒಗ್ಗುವುದೇ ಇಲ್ಲವೆಂದು ಆಮೇಲೆ ತಿಳಿಯಿತು. ಭಾವನಿಗೆ ಸುದ್ದಿ ಮುಟ್ಟಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಕೇಳಿಕೊಂಡು ಕೊಳ್ಳಬಾರದಿತ್ತೇ ಎಂದು ತಮ್ಮನ ಮುಂದೆ ಎರಡು ಸಲ ಹೇಳಿದ. ಅವತ್ತು ಅವಳು ತನ್ನನ್ನೇ ಅತಿ ಕೀಳಾಗಿ ಕಂಡಳು. ಭಾವನಂಥವನು ನಗುವಂಥ ಕೆಲಸ ಮಾಡಿಬಿಟ್ಟೆನಲ್ಲ ಎಂದು.

ಎರಡನೇ ಸಲ ಅವಸರ ಮಾಡಲಿಲ್ಲ. ಪಾಠದ ನಡುವೆ ಬಿಡುವಾದಾಗಲೆಲ್ಲ ಕಾರಿನಲ್ಲೇ ಕೂತು ಅಡಾಪ್ಟರುಗಳ ಬಗ್ಗೆ ಫೋನಿನಲ್ಲಿ ಓದಿದಳು. ಡಬ್ಬಿ ಒಡೆಯುವ ಮುಂಚೆಯೇ ಐದು ನಕ್ಷತ್ರ ಕೊಟ್ಟು ಬೀಗಿದವರ ಮಾತನ್ನು ಬದಿಗಿಟ್ಟಳು. ಯಾವ ಫೋನಿಗೆ ಆಗುತ್ತದೆ, ಯಾವ ವರ್ಷದಿಂದೀಚಿನ ಕಾರಿಗೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಎಂದು ತಯಾರಿಸಿದವರೇ ಒಪ್ಪಿಕೊಂಡಿದ್ದ ಒಂದು ಅಡಾಪ್ಟರ್ ಸಿಕ್ಕಿತು. ಅತಿ ಅಗ್ಗದ್ದೂ ಅಲ್ಲ, ಕೈಸುಡುವಂಥದ್ದೂ ಅಲ್ಲ. ಆಗುವುದಿಲ್ಲ ಎಂದು ಬರೆಯುವ ಧೈರ್ಯ ಇದ್ದವರ ಮೇಲೆ ಅವಳಿಗೆ ನಂಬಿಕೆ ಹುಟ್ಟಿತು.

ಆ್ಯಪ್‌ಗಳದ್ದು ಇನ್ನೊಂದು ಸಂತೆ. ಒಂದು ಯುದ್ಧವಿಮಾನದ ಹಾಗೆ ಮೀಟರ್ ಮುಳ್ಳುಗಳನ್ನು ಕುಣಿಸುತ್ತಿತ್ತು, ಕುಣಿತ ಬಿಟ್ಟರೆ ಒಳಗೇನಿಲ್ಲ. ಇನ್ನೊಂದು ತಿಂಗಳು ತಿಂಗಳು ಬಾಡಿಗೆ ಕೇಳುತ್ತಿತ್ತು, ಕಾರೇನು ತಿಂಗಳು ತಿಂಗಳು ಕೆಡುತ್ತದೆಯೇ? ಮತ್ತೊಂದು ಭಾವನ ಆ್ಯಪಿನ ತಮ್ಮನೇ ಸರಿ, ಓದುವುದಕ್ಕಿಂತ ಅಳಿಸುವುದರಲ್ಲೇ ಆಸಕ್ತಿ. ಎಲ್ಲವನ್ನೂ ಕಿತ್ತು ಹಾಕಿ ಕೊನೆಗೆ ಬೂದಿ ಬಣ್ಣದ, ನೋಡಲು ಅಂದಗೇಡಿಯಾದ ಒಂದನ್ನು ಇಟ್ಟುಕೊಂಡಳು. ಕೆಲವು ದಿನ ಸುಮ್ಮನೆ ಬಳಸಿ ನೋಡಬಹುದು, ಹಿಡಿಸಿದರೆ ಒಮ್ಮೆ ಕೊಟ್ಟು ಮುಗಿಸಬಹುದು. ಕೋಡಿನ ಜೊತೆಗೆ ಓಡುತ್ತಿರುವ ಎಂಜಿನ್ನಿನ ಲೆಕ್ಕವನ್ನೂ ಅದು ಬಿಚ್ಚಿಡುತ್ತಿತ್ತು.

ಬಿಳಿ ಕಾರು ಸುಮ್ಮನೆ ನಿಂತು ಗುರುಗುಟ್ಟುವಾಗ ಕಂಪ್ಯೂಟರ್ ಮಾಮೂಲಿಗಿಂತ ತೀರ ಹೆಚ್ಚು ಪೆಟ್ರೋಲ್ ಸುರಿಯುತ್ತಿತ್ತು, ಆಕ್ಸಿಲರೇಟರ್ ಒತ್ತಿದಾಗ ಲೆಕ್ಕ ಸರಿಹೋಗುತ್ತಿತ್ತು. ಹಾಗಾದರೆ ಎಲ್ಲೋ ಗಾಳಿ ಕಳ್ಳದಾರಿಯಲ್ಲಿ ಒಳಗೆ ನುಗ್ಗುತ್ತಿದೆ, ಅದನ್ನು ಸರಿದೂಗಿಸಲೆಂದೇ ಈ ಹೆಚ್ಚಿನ ಪೆಟ್ರೋಲ್ ಎಂದು ಓದಿಕೊಂಡಳು. ಪಕ್ಕದ ಬೀದಿಯ ಮೆಕ್ಯಾನಿಕ್ ಕೋಡ್ ಕೇಳಿದ ಕೂಡಲೇ ಸೆನ್ಸರ್ ಬದಲಾಯಿಸೋಣ ಎಂದ. ಭಾವನ ಮಾತನ್ನೇ ಎಣ್ಣೆಕೈಯವನ ಬಾಯಲ್ಲಿ ಕೇಳಿ ಅವಳಿಗೆ ನಗು ಬಂತು. ಮೊದಲು ಕೊಳವೆಗಳನ್ನು ನೋಡು ಎಂದು ಬಾನೆಟ್ಟಿನ ಪಕ್ಕ ಅಲ್ಲಾಡದೆ ನಿಂತಳು. ಎಂಜಿನ್ನಿನ ಹಿಂಬದಿಯಲ್ಲಿ ಒಂದು ರಬ್ಬರ್ ಕೊಳವೆ ಉದ್ದಕ್ಕೂ ಸೀಳಿತ್ತು. ಅದನ್ನು ಬದಲಿಸಿದ ಮೇಲೆ ನರ್ಸನ್ನು ಕರೆದು ಅದೇ ಏರನ್ನು ಅವಳ ಕೈಯಲ್ಲೇ ಹತ್ತಿಸಿದಳು.

ಇಷ್ಟಕ್ಕೇ ನಿಂತಿದ್ದರೆ ಭಾವ ಬದುಕಿಕೊಳ್ಳುತ್ತಿದ್ದ. ಆದರೆ ಒಡತಿಯ ತಂಗಿಗೆ ಊರಿನ ಆಚೆ ತುದಿಯ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿ ಕಾರಿನ ಹುಡುಕಾಟ ಶುರುವಾಯಿತು. ತನ್ನದೇ ಕಾರು ಕೊಡುತ್ತೇನೆ ಎಂದು ಭಾವ ಮುಂದೆ ಬಂದ. ಹೊರಗೆ ಯಾಕೆ ಟೋಪಿ ಹಾಕಿಸಿಕೊಳ್ಳಬೇಕು, ನಾವು ಮನೆಯವರಲ್ಲವೇ ಎಂದ. ಗಂಡ ಹೌದೌದು ಎಂದ.

ಭಾನುವಾರ ಬೆಳಿಗ್ಗೆ ಭಾವ ಕಾರನ್ನು ತೊಳೆದು, ಟೈರಿಗೂ ಹೊಳಪು ಬಳಿದು ತಂದು ಬಾಗಿಲ ಮುಂದೆ ನಿಲ್ಲಿಸಿದ. ಜೊತೆಯಲ್ಲಿ ಅವನ ಹೆಂಡತಿ. ಆಕೆ ಮಾತು ಕಡಿಮೆಯ ಹೆಂಗಸು, ಬಂದವಳೇ ಮೆಟ್ಟಿಲ ಮೇಲೆ ಕೂತಳು. ತಂಗಿ ಕಾರನ್ನು ಸುತ್ತಿ ನೋಡಿ ಆಗಲೇ ಮನಸ್ಸು ಕೊಟ್ಟಿದ್ದಳು. ಒಡತಿ ಒಳಗಿಂದ ಅಡಾಪ್ಟರ್ ತಂದು ಚುಚ್ಚಿದಳು. ಭಾವ ಕೈಕಟ್ಟಿ ನಿಂತ. ತೆರೆಯ ಮೇಲೆ ಒಂದೂ ಕೋಡ್ ಇರಲಿಲ್ಲ.

"ನೋಡಮ್ಮ, ಕನ್ನಡಿ ಇದ್ದಂಗಿದೆ," ಎಂದ ಭಾವ.

ಅವಳು ತೆರೆಯನ್ನು ಇನ್ನೂ ಕೆಳಕ್ಕೆ ಸರಿಸಿದಳು. ಕೊನೆಯ ಸಲ ಕೋಡ್ ಅಳಿಸಿದ ಮೇಲೆ ಕಾರು ಎಷ್ಟು ದೂರ ಓಡಿದೆ ಎಂಬುದನ್ನೂ ಎಂಜಿನ್ ನೆನಪಿಟ್ಟುಕೊಳ್ಳುತ್ತದೆ. ಭಾವನ ಪುಕ್ಕಟೆ ಆ್ಯಪ್ ಅದನ್ನು ಎಂದೂ ತೋರಿಸಿರಲಿಲ್ಲ, ಅಂಥದ್ದೊಂದು ಇದೆ ಎಂದೇ ಅವನಿಗೆ ಗೊತ್ತಿರಲಿಲ್ಲ. ಅಲ್ಲಿದ್ದ ದೂರ ಅವನ ಮನೆಯಿಂದ ಇವರ ಮನೆಗೆ ಎಷ್ಟೋ ಅಷ್ಟು. ಕೋಡ್ ಅಳಿಸಿದ ಮೇಲೆ ಎಂಜಿನ್ ಹೊಸದಾಗಿ ತನಗೆ ತಾನೇ ಮಾಡಿಕೊಳ್ಳುವ ಪರೀಕ್ಷೆಗಳ ಎದುರಿಗೆ, ಇನ್ನೂ ಮುಗಿದಿಲ್ಲ, ಇನ್ನೂ ಮುಗಿದಿಲ್ಲ ಎಂದು ಸಾಲಾಗಿ ಬಂದಿತ್ತು.

"ಭಾವ, ಇವತ್ತು ಹೊರಡೋಕೆ ಮುಂಚೆ ದೀಪ ಆರಿಸಿದ್ರಾ?" ಎಂದು ಕೇಳಿದಳು.

"ಯಾವ ದೀಪ?"

"ಎಂಜಿನ್ ದೀಪ. ಅಳಿಸಿದ ಮೇಲೆ ಕಾರು ನಿಮ್ಮ ಮನೆಯಿಂದ ಇಲ್ಲಿಗೆ ಬಂದಿದೆ, ಅಷ್ಟೇ. ಇಲ್ಲೇ ಇದೆ, ಓದಿ."

ಭಾವ ಓದಲಿಲ್ಲ. ಬ್ಯಾಟರಿ ಬಿಚ್ಚಿ ಹಾಕಿಸಿದ್ದೆ, ಅದಕ್ಕೆ ಅಳಿಸಿಹೋಗಿರಬೇಕು ಎಂದ, ಆಮೇಲೆ ಈ ಆ್ಯಪುಗಳೆಲ್ಲ ಸುಳ್ಳು ಎಂದ, ಕೊನೆಗೆ ಹಿರಿಯರನ್ನು ಅನುಮಾನಿಸುವವರ ಮನೆ ಉದ್ಧಾರವಾಗುವುದಿಲ್ಲ ಎಂದ. ತಂಗಿ ಇಬ್ಬರ ಮುಖವನ್ನೂ ನೋಡುತ್ತಾ ನಿಂತಳು. ಆಗ ಮೆಟ್ಟಿಲ ಮೇಲಿದ್ದ ಹೆಂಡತಿ, ಯಾರ ಕಡೆಗೂ ನೋಡದೆ ಬಾಯಿ ಬಿಟ್ಟಳು.

"ಮಳೆಗಾಲದಿಂದ ಉರೀತಾನೇ ಇತ್ತು. ನಾನು ಪಕ್ಕದಲ್ಲಿ ಕೂತು ನೋಡ್ತಾನೇ ಇದ್ದೆ."

ಭಾವನ ಮುಖ ಹುಳ್ಳಗಾಯಿತು. ಕಾರಿನ ಕೀಲಿ ಕಿತ್ತುಕೊಂಡವನೇ ಹೆಂಡತಿಗೂ ಕಾಯದೆ ಹೊರಟುಹೋದ. ಆಕೆ ಮಧ್ಯಾಹ್ನದವರೆಗೂ ಇವರಲ್ಲೇ ಇದ್ದು ಊಟ ಮಾಡಿಕೊಂಡು, ಆಟೋ ಹಿಡಿದು ಹೋದಳು.

ಒಳಗೆ ಕರೆದು ಮೆಲ್ಲಗೆ ಹೇಳಬಹುದಿತ್ತು ಎಂದು ಗಂಡ ಗೊಣಗಿದ. ಅಣ್ಣನ ಮಾನ ಬೀದಿಯಲ್ಲಿ ಹೋಯಿತು ಎನ್ನುವುದು ಅವನ ಸಂಕಟ.

"ಒಳಗೆ ಹೇಳಿದ್ರೆ ಹೊರಗೆ ಬಂದು ಬೇರೆ ಕಥೆ ಹೇಳ್ತಿದ್ರು ರೀ," ಎಂದಳು. "ನನ್ನ ತಂಗಿ ಆ ಕಾರಲ್ಲಿ ದಿನಾ ಒಬ್ಬಳೇ ಹೋಗಿ ಬರಬೇಕಿತ್ತು."

ಈ ಸಲ ಗಂಡ ಹೌದೌದು ಎನ್ನಲಿಲ್ಲ. ತಂಗಿಗೆ ಬೇರೆ ಕಾರು ನೋಡಲು ತಾನೂ ಬರುತ್ತೇನೆ ಎಂದ.

ತಂಗಿ ಕೊನೆಗೆ ಕೊಂಡದ್ದು ನಿವೃತ್ತ ಲೈಬ್ರರಿಯನ್ ಒಬ್ಬರ ಕಾರು. ಅದರಲ್ಲಿ ದೀಪ ಉರಿಯುತ್ತಲೇ ಇತ್ತು, ಯಾಕೆ ಉರಿಯುತ್ತಿದೆ ಎಂದು ಅವರೇ ಮೊದಲು ಹೇಳಿದ್ದರು. ಭಾವನ ಕಾರು ಯಾವನೋ ದಲ್ಲಾಳಿಯ ಪಾಲಾಯಿತು. ಅಡಾಪ್ಟರ್ ಆರಿಸುವುದನ್ನು ತಮ್ಮನ ಹೆಂಡತಿಗೆ ಕಲಿಸಿದ್ದೇ ತಾನು, ಉಪಕಾರ ಸ್ಮರಣೆಯಿಲ್ಲದ ಜನ ಎಂದು ಅವನು ಬಂಧುಗಳ ಮನೆಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಆರಿಸುವುದು ಎಂದರೆ ಅವನಿಗೆ ಇಂದಿಗೂ ದೀಪ ಆರಿಸುವುದೊಂದೇ ಅರ್ಥ ಎಂದು ಒಡತಿ ಅಂದುಕೊಂಡಳು, ಅವನ ಮಾತನ್ನು ತಿದ್ದಲು ಹೋಗಲಿಲ್ಲ. ಅಷ್ಟು ಶ್ರಮಕ್ಕೆ ಅವನು ಲಾಯಕ್ಕಲ್ಲ.

ಒಂದು ಬೆಳಿಗ್ಗೆ ಅವಳು ಶಟರ್ ಎತ್ತುವಾಗ ಭಾವನ ಹೆಂಡತಿ ಹೊರಗೆ ನಿಂತಿದ್ದಳು. ಕೈಯಲ್ಲಿ ಅರ್ಜಿಗೆ ಬೇಕಾದ ಫೋಟೊ. ಈ ವಯಸ್ಸಿನಲ್ಲಿ ಕಲಿಯಬಹುದಾ ಎಂದು ಕೇಳಿದಳು. ಅವರು ಬೇಡ ಅಂತಾರೆ, ಅಂದರೆ ಅನ್ನಲಿ ಎಂದೂ ಸೇರಿಸಿದಳು.

"ಬನ್ನಿ ಅಕ್ಕ, ಈ ಕಡೆ ಕೂತ್ಕೊಳ್ಳಿ," ಎಂದು ಒಡತಿ ಬಿಳಿ ಕಾರಿನ ಸ್ಟೀರಿಂಗ್ ಕಡೆಯ ಬಾಗಿಲು ತೆರೆದಳು. ಆಕೆ ಚಪ್ಪಲಿ ಬಿಟ್ಟು ಹತ್ತಿ, ಸೀಟನ್ನು ಮುಂದಕ್ಕೆಳೆದುಕೊಂಡು, ಕನ್ನಡಿಯನ್ನು ತನ್ನ ಕಣ್ಣಿಗೆ ಸರಿಮಾಡಿಕೊಂಡಳು.