ಭಾವನವರನ್ನು ಸೇತುವೆ ದಾಟಿಸಿದ್ದು

ನನ್ನ ಭಾವ, ಅಂದರೆ ಅಕ್ಕನ ಗಂಡ, ಮೂವತ್ತು ವರ್ಷ ಸೇತುವೆಗಳ ನಕ್ಷೆ ತಪಾಸಣೆ ಮಾಡಿದ ಎಂಜಿನಿಯರ್. ತೂಗುಸೇತುವೆ ಯಾಕೆ ಬೀಳುವುದಿಲ್ಲ ಎಂಬ ಬಗ್ಗೆ ಕಾಫಿ ಲೋಟ ಹಿಡಿದೇ ಉಪನ್ಯಾಸ ಕೊಡಬಲ್ಲವರು. ಅದರ ಮೇಲೆ ಹೋಗಲು ಮಾತ್ರ ಹೆದರುತ್ತಿದ್ದರು. ಅವರ ಮಗಳ ಮನೆ ಕಡಲಿನ ಆಚೆ ದಡದ ಗಿಗ್ ಹಾರ್ಬರಿನಲ್ಲಿ. ನಡುವೆ ಟಕೋಮದ ಕಡಿದಾದ ಗುಡ್ಡಗಳ ಕಮರಿ, ತಳದಲ್ಲಿ ಸುಳಿಯುವ ಕಡಲು, ಮೇಲೆ ಹೆದ್ದಾರಿ ಹೊತ್ತ ತೂಗುಸೇತುವೆ. ಭಾವ ಪ್ರತಿಸಲವೂ ಸೇತುವೆ ತಪ್ಪಿಸಿ, ದೂರದ ಒಲಿಂಪಿಯಾ ಊರು ಸುತ್ತಿ ಹೋಗುತ್ತಿದ್ದರು. "ಆ ಕಡೆ ಸೀನರಿ ಚೆನ್ನಾಗಿದೆ" ಎಂಬುದು ಅಧಿಕೃತ ಕಾರಣ.

ಮೊಮ್ಮಗಳ ನಾಮಕರಣದ ದಿನ ಇಸ್ಸಾಕ್ವಾದ ಮನೆಯಿಂದ ಅವರನ್ನು ಕರೆದೊಯ್ಯುವ ಪುಣ್ಯಕಾರ್ಯ ನನ್ನ ಪಾಲಿಗೆ ಬಂತು. ಹೆಸರು ಅವರೇ ಆರಿಸಿದ್ದು; ಮಗುವಿನ ಕಿವಿಯಲ್ಲಿ ಹೇಳಬೇಕಾದವರೂ ಅವರೇ. ಮುಹೂರ್ತ ಹತ್ತೂವರೆಗೆ. ಪುರೋಹಿತರಿಗೆ ಆಮೇಲೆ ಶೋರ್‌ಲೈನ್ ಎಂಬ ಊರಿನಲ್ಲಿ ಗೃಹಪ್ರವೇಶ, ಕಾಯುವಂತಿಲ್ಲ.

"ಒಲಿಂಪಿಯಾ ಮೇಲೇ ಹೋಗೋಣ ಕಣೋ. ಬೇಗ ಹೊರಟಿದೀವಲ್ಲ," ಎಂದರು, ಹೊಸ ಪಂಚೆ ಸರಿಪಡಿಸಿಕೊಳ್ಳುತ್ತ.

"ಆಯ್ತು ಭಾವ. ನೀವೊಂದು ನಿದ್ದೆ ಮಾಡಿ."

ನಂಬಿ ಮಲಗಿದರು. ನಾನು ಸೇತುವೆಯ ದಾರಿ ಹಿಡಿದೆ. ಸಮಯ ಉಳಿಸಲಿಕ್ಕಲ್ಲ; ಸಮಯ ಬೇಕಾದಷ್ಟಿತ್ತು. ಇಪ್ಪತ್ತು ವರ್ಷ ಅವರ ಉಪನ್ಯಾಸ ಕೇಳಿದ್ದೆ, ಅಷ್ಟೇ.

ಸೇತುವೆಯ ನಟ್ಟನಡುವೆ ವಾಹನಗಳೆಲ್ಲ ನಿಂತವು. ಮುಂದೆಲ್ಲೋ ಅಪಘಾತ. ಪಕ್ಕದ ಸಾಲಿನಲ್ಲಿ ಲಾರಿಯೊಂದು ತೆವಳಿದಾಗ ರಸ್ತೆ ಅದುರಿತು. ಇದಕ್ಕಿಂತ ಪ್ರಶಸ್ತ ಗಳಿಗೆ ಸಿಗದೆಂದು ಭುಜ ತಟ್ಟಿದೆ.

"ಏಳಿ ಭಾವ. ನಿಮ್ಮ ಕಾರ್ಯಕ್ಷೇತ್ರ ಬಂತು."

ಕಣ್ಣು ಬಿಟ್ಟರು. ಕಿಟಕಿಯಾಚೆ ಉಕ್ಕಿನ ಹಗ್ಗಗಳು, ಅವುಗಳಾಚೆ ಬರೀ ಗಾಳಿ.

"ಹಿಂದಕ್ಕೆ ತಗೋ... ಹಿಂದಕ್ಕೆ ತಗೋ ಮಾರಾಯ..."

"ಹೈವೇಲಿ ರಿವರ್ಸಾ? ಅಲ್ಲಾಡಿದ್ರೇನೇ ಸೇತುವೆ ಗಟ್ಟಿ ಅಂತ ನೀವೇ ಹೇಳ್ತಿದ್ರಿ. ನೋಡಿ, ಎಷ್ಟು ಗಟ್ಟಿ ಆಗ್ತಿದೆ!"

ಅವರು ಡ್ಯಾಶ್‌ಬೋರ್ಡನ್ನು ಎರಡೂ ಕೈಯಿಂದ ಹಿಡಿದು ಕೂತರು. ಒಂದೂವರೆ ಗಂಟೆ ಯಾವ ಗಾಡಿಯೂ ಕದಲಲಿಲ್ಲ. ಕದಲಿದಾಗ ಪಂಚೆ ಒದ್ದೆಯಾಗಿತ್ತು.

ಮಗಳ ಮನೆಯೆದುರು ಇಳಿಯಲಿಲ್ಲ. "ಯಾರಿಗೂ ಹೇಳ್ಬೇಡ ಕಣೋ. ಅಳಿಯಂದು ಪಂಚೆ ಇದ್ರೆ ಸುಮ್ನೆ ತಂದ್ಕೊಡು."

ಒಳಗೆ ಹೋಗಿ ಪಂಚೆ ಕೇಳಿದೆ. ಯಾಕೆಂದು ಕೇಳಿದರು. ಅಭಿನಯಸಹಿತ ವಿವರಿಸಿದೆ. ಹಾಲ್ ತುಂಬ ನಗು, ಬೀಗರಂತೂ ಕಣ್ಣೊರೆಸಿಕೊಂಡರು. ಕಾರಿನ ಕಡೆಯ ಬಾಗಿಲು ತೆರೆದೇ ಇತ್ತು. ಮಗಳು ನಗಲಿಲ್ಲ, ಪಂಚೆ ಹಿಡಿದು ಓಡಿದಳು. ಕಾರು ಒಳಗಿನಿಂದ ಲಾಕ್ ಆಗಿತ್ತು. "ಅಪ್ಪಾ, ಬಾಗಿಲು ತೆಗಿ, ಟೈಮ್ ಆಗ್ತಿದೆ" ಎಂದು ಗಾಜು ಬಡಿದಳು. ಅವರು ಇನ್ನೊಂದು ಕಡೆ ಮುಖ ತಿರುಗಿಸಿಕೊಂಡರು. ಪಂಚೆಯ ಮಡಿಕೆ ಬಿಚ್ಚದೆ ವಾಪಸು ತಂದಳು.

ಪುರೋಹಿತರು ಗಡಿಯಾರ ನೋಡಿ, "ಹಿರಿಯರು ಇನ್ಯಾರಾದ್ರೂ ಬನ್ನಿ" ಎಂದರು.

ನಾನು ಹೋದೆ. ಭಾವ ಆರಿಸಿದ ಹೆಸರನ್ನು ಮಗುವಿನ ಕಿವಿಯಲ್ಲಿ ಮೂರು ಸಲ ಹೇಳಿದೆ, ಸ್ಪಷ್ಟವಾಗಿ.