ಮೇಲ್ ಕಾಯುತ್ತಿದ್ದ ಮೇಷ್ಟ್ರು

ಹೋದ ತಿಂಗಳು ಮದ್ದೂರಿನ ಎಳನೀರು ಮಾರುಕಟ್ಟೆಯ ಹತ್ತಿರ ನಮ್ಮ ಬಸ್ಸು ಸ್ವಲ್ಪ ಹೊತ್ತು ನಿಂತಿತು. ರಸ್ತೆ ಪಕ್ಕ ಸುರಿದಿದ್ದ ಬುರುಡೆಗಳ ಹುಳಿ ವಾಸನೆ ಕಿಟಕಿಯೊಳಕ್ಕೆ ನುಗ್ಗಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನನಗೆ ಮೂಗು ಮುಚ್ಚಬೇಕೆನ್ನಿಸಲಿಲ್ಲ. ವರ್ಷಗಟ್ಟಲೆ ಆ ವಾಸನೆಯಲ್ಲೇ ಬುತ್ತಿ ಬಿಚ್ಚಿ ಉಂಡವಳು ನಾನು. ಅದರ ಜೊತೆಗೇ ಮೇಷ್ಟ್ರು ನೆನಪಾದರು...

ಆಗ ನಾನು ಗುತ್ತಲಿನಿಂದ ದಿನಾ ಸೋಮನಹಳ್ಳಿ ಕಡೆಯ ಒಂದು ಕಾರ್ಖಾನೆಗೆ ಹೋಗಿಬರುತ್ತಿದ್ದೆ. ಎಳನೀರನ್ನು ಬಾಟಲಿಗೆ ತುಂಬಿ ಊರೂರಿಗೆ ಕಳಿಸುವ ಕಾರ್ಖಾನೆ. ಲ್ಯಾಬಿನಲ್ಲಿ ಕೂತು ಪ್ರತಿ ಬ್ಯಾಚನ್ನೂ ಪರೀಕ್ಷೆ ಮಾಡಿ, ಸರಿಯಿದೆಯೋ ಇಲ್ಲವೋ ಎಂದು ಮ್ಯಾನೇಜರಿಗೆ ಮೇಲ್ ಕಳಿಸುವುದು ನನ್ನ ಕೆಲಸ. ಹೊರದೇಶದ ಗಿರಾಕಿಯೊಬ್ಬರು ಸಿಕ್ಕಾಗ ಅವರು ಒಂದು ಷರತ್ತು ಹಾಕಿದರು. ಆಫೀಸಿನಲ್ಲಿ ಬರುವ ಹೋಗುವ ಪ್ರತಿಯೊಂದು ಮೇಲ್‌ನ ನಕಲೂ ಬೇರೆ ಕಡೆ ಭದ್ರವಾಗಿರಬೇಕು, ಯಾರು ಅಳಿಸಿದರೂ ಅದು ಅಳಿಯಬಾರದು. ಆ ಕೆಲಸಕ್ಕೆಂದು ಬಂದವರು ಮೇಷ್ಟ್ರು. ಮಳವಳ್ಳಿಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಿದ್ದವರಾದ್ದರಿಂದ ಆ ಹೆಸರು ಇಲ್ಲಿಗೂ ಅವರ ಹಿಂದೆ ಬಂತು.

ಬಂದ ಮೊದಲ ವಾರವೇ ಎಲ್ಲರಿಂದಲೂ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. "ಮನೆ ಇಚಾರ ಈ ಮೇಲಲ್ಲಿ ಬರೀಬೇಡಿ ಕಣಮ್ಮ. ಇಲ್ಲಿ ಬರ್ದದ್ದು ಉಳ್ಕಂಡ್ಬುಡ್ತದೆ" ಎಂದರು. ಆಮೇಲೆ ಗಾಜಿನ ಕೋಣೆಯೊಳಗೆ ಕೂತು ಬಾಗಿಲು ಹಾಕಿಕೊಂಡರು. ನಾವು ಯಾರಾದರೂ ಆ ಕಡೆ ಹಾದರೆ ಥಟ್ಟನೆ ಅವರ ಕಂಪ್ಯೂಟರಿನ ಪರದೆ ಕಪ್ಪಾಗುತ್ತಿತ್ತು.

ಪಕ್ಕದ ಮೇಜಿನ ನನ್ನ ಗೆಳತಿ ಹೇಳುತ್ತಿದ್ದಳು: "ಆವಯ್ಯ ಎಲ್ಲಾರ್ದೂ ಓದ್ತನೆ ಕಣಮ್ಮಿ. ಓದಿ ಮ್ಯಾನೇಜರ್ ಕಿವಿಗೆ ಆಕ್ತನೆ."

ನನಗೂ ಹಾಗೇ ಅನ್ನಿಸುತ್ತಿತ್ತು. ನನಗೆ ಗೊತ್ತಾಗಿದ್ದ ಒಂದು ಮದುವೆ ಸಂಬಂಧ ಮುರಿದುಬಿದ್ದಾಗ, ಮೇಷ್ಟ್ರು ಬೇಡವೆಂದಿದ್ದರೂ ಆಫೀಸಿನ ಮೇಲ್‌ನಿಂದಲೇ ಅಕ್ಕನಿಗೆ ಎರಡು ಪುಟ ಬರೆದಿದ್ದೆ. ಮಾರನೆಯ ದಿನ ಮೇಷ್ಟ್ರು ಮೆಟ್ಟಿಲ ಹತ್ತಿರ ಸಿಕ್ಕಿ, "ಉಸಾರಾಗಿದ್ದೀರೇನಮ್ಮ?" ಎಂದು ಕೇಳಿದರು. ಯಾವತ್ತೂ ಕೇಳದವರು ಅವತ್ತೇ ಯಾಕೆ ಕೇಳಬೇಕು? ನನ್ನ ಮೈಯೆಲ್ಲ ಉರಿದುಹೋಯಿತು. ಅಂದಿನಿಂದ ಅವರ ಮುಖ ನೋಡುವುದನ್ನೇ ಬಿಟ್ಟೆ.

ಬೇಸಿಗೆಯಲ್ಲಿ ಒಂದು ಬ್ಯಾಚು ಕೆಟ್ಟಿತ್ತು. ಪರೀಕ್ಷೆಯಲ್ಲಿ ಅದು ಗೊತ್ತಾದ ಕೂಡಲೇ, ಇದನ್ನು ಹೊರಗೆ ಬಿಡಬೇಡಿ ಎಂದು ಮ್ಯಾನೇಜರಿಗೆ ಮೇಲ್ ಕಳಿಸಿದೆ. ಆದರೂ ಅದು ಲಾರಿ ಹತ್ತಿತು. ಒಂದು ಮದುವೆ ಮನೆಯಲ್ಲಿ ಅದನ್ನು ಕುಡಿದವರು ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದರು. ಪುಣ್ಯಕ್ಕೆ ಎಲ್ಲರೂ ಗುಣವಾದರು. ವಿಚಾರಣೆ ಬಂದಾಗ ಮ್ಯಾನೇಜರು, "ಲ್ಯಾಬಿನಿಂದ ನನಗೆ ಯಾವ ಮೇಲೂ ಬಂದಿಲ್ಲ" ಎಂದುಬಿಟ್ಟರು. ನಾನು ಓಡಿಹೋಗಿ ನನ್ನ ಕಂಪ್ಯೂಟರ್ ತೆಗೆದು ನೋಡಿದೆ. ಕಳಿಸಿದ್ದ ಮೇಲ್ ಅಲ್ಲಿರಲಿಲ್ಲ. ಹಿಂದಿನದೂ ಮುಂದಿನದೂ ಇದ್ದವು. ಅದೊಂದು ಮಾತ್ರ ಮಾಯವಾಗಿತ್ತು.

ಎಲ್ಲರ ಮೇಲ್‌ಗಳ ಬೀಗದ ಕೈಯೂ ಇದ್ದದ್ದು ಒಬ್ಬರ ಹತ್ತಿರ. ನೇರವಾಗಿ ಕ್ಯಾಂಟೀನಿಗೆ ಹೋದೆ. ಮೇಷ್ಟ್ರು ಊಟ ಮಾಡುತ್ತಿದ್ದರು.

"ನನ್ ಮೇಲ್ ಅಳಿಸಿರೋರು ನೀವೇ. ಕಳ್ರು ನೀವು. ಮ್ಯಾನೇಜರ್ ಎಂಜಲಿಗೆ ಬಿದ್ದಿದ್ದೀರ" ಎಂದೆ. ಸುತ್ತಲಿನವರೆಲ್ಲ ಕೈಯ ತುತ್ತು ಹಾಗೇ ಹಿಡಿದು ನೋಡುತ್ತಿದ್ದರು.

ಅವರು ಡಬ್ಬಿ ಮುಚ್ಚಿದರು. "ಒಂದು ಕಾಗದ ಬರ್ದು, ಏನ್ ಬೇಕು ಅಂತ ಏಳಿ, ಸೈನ್ ಮಾಡಿ ಕೊಡಿ ಕಣಮ್ಮ" ಎಂದರು.

"ನಕಲು ಐತೋ ಇಲ್ವೋ ಅದೇಳಿ ಮೊದ್ಲು."

"ಅದ್ನೂ ನಾನು ಬಾಯ್ಬಿಡಂಗಿಲ್ಲ. ಇವತ್ತು ನಿಮ್ಗೆ ಬಾಯ್ಮಾತಿಗೆ ತಗ್ದು ಕೊಟ್ರೆ, ನಾಳೆ ಮ್ಯಾನೇಜರ್ ಬಂದು ನಿಮ್ದು ಕೇಳ್ತಾರೆ. ಅವ್ರಿಗೆ ಏನಂತ ಇಲ್ಲ ಅನ್ಲಿ?"

ಇದೂ ಒಂದು ಆಟ ಅಂದುಕೊಂಡೆ. ನನ್ನ ಕೈಯಿಂದಲೇ ಬರೆಸಿಕೊಂಡು ನನ್ನನ್ನೇ ಸಿಕ್ಕಿಸುತ್ತಾರೆ ಅಂದುಕೊಂಡೆ. ನಾಲ್ಕು ದಿನ ಬರೆಯಲಿಲ್ಲ. ಐದನೆಯ ದಿನ ಕೆಲಸದಿಂದ ತೆಗೆಯುವ ನೋಟಿಸು ಕೈಗೆ ಬಂದಾಗ, ಬೇರೆ ದಾರಿ ಕಾಣದೆ ಬರೆದುಕೊಟ್ಟೆ.

ಗಿರಾಕಿಯ ಕಡೆಯಿಂದ ತನಿಖೆಗೆ ಒಬ್ಬರು ಮೇಡಂ ಬಂದಿದ್ದರು. ಅವರ ಮುಂದೆ, ಮ್ಯಾನೇಜರ ಮುಂದೆ, ನನ್ನ ಮುಂದೆ ಮೇಷ್ಟ್ರು ಭದ್ರವಾಗಿಟ್ಟಿದ್ದ ನಕಲನ್ನು ತೆಗೆದರು. ನನ್ನ ಮೇಲ್ ಇತ್ತು. ನಾನು ಬರೆದ ಅಷ್ಟೂ ಅಕ್ಷರ ಇತ್ತು. ಮ್ಯಾನೇಜರು ಅದನ್ನು ತೆರೆದು ಓದಿದ ಹೊತ್ತೂ, ಆಮೇಲೆ ತಮ್ಮ ಕಡೆ ಅಳಿಸಿದ ಹೊತ್ತೂ ಇತ್ತು. ನನ್ನ ಕಡೆಯದು ಅಳಿಸಿದ್ದು ನನ್ನದೇ ಕಂಪ್ಯೂಟರಿನಿಂದ, ನನ್ನದೇ ಪಾಸ್‌ವರ್ಡಿನಿಂದ, ನಾನು ಊಟಕ್ಕೆ ಹೋಗಿದ್ದಾಗ.

ಮೇಡಂ ಇನ್ನೊಂದು ಕೇಳಿದರು: "ಈ ಹುಡುಗಿಯ ಮೇಲ್‌ಗಳ ನಕಲುಗಳನ್ನು ಇಲ್ಲಿಯವರೆಗೆ ಯಾರು ಯಾರು ತೆರೆದು ನೋಡಿದ್ದಾರೆ?"

ತೆರೆದವರ ಹೆಸರು ತಾನಾಗಿ ದಾಖಲಾಗುವ ಪಟ್ಟಿಯೊಂದಿದೆ, ಅದನ್ನು ಮೇಷ್ಟ್ರೂ ತಿದ್ದುವಂತಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಪಟ್ಟಿ ಉದ್ದಕ್ಕಿರುತ್ತದೆ, ಅಕ್ಕನಿಗೆ ಬರೆದ ದಿನವೂ ಅದರಲ್ಲಿರುತ್ತದೆ ಎಂದು ಕಾದೆ. ಒಂದೇ ಸಾಲಿತ್ತು. ಅದು ಆಗಷ್ಟೇ ನಮ್ಮೆಲ್ಲರ ಮುಂದೆ ತೆರೆದದ್ದು.

ನನ್ನ ಪಾಸ್‌ವರ್ಡ್ ಗೊತ್ತಿದ್ದದ್ದು ಗೆಳತಿಗೆ. ರಜೆ ಹಾಕಿದ್ದಾಗ ನಾನೇ ಹೇಳಿದ್ದೆ. "ನನ್ ಮಗೀನಾಣೆ ನಾನಲ್ಲ ಕಣಮ್ಮಿ" ಎಂದಳು. ಯಾರೆಂದು ಕೊನೆಗೂ ತೀರ್ಮಾನವಾಗಲಿಲ್ಲ. ಮ್ಯಾನೇಜರು ಕೆಲಸ ಬಿಟ್ಟು ಹೋದರು. ಗೆಳತಿ ಇವತ್ತಿಗೂ ಹಬ್ಬ ಬಂದರೆ ಫೋನಿಗೆ ಶುಭಾಶಯ ಕಳಿಸುತ್ತಾಳೆ. ನಾನೂ ಕಳಿಸುತ್ತೇನೆ, ಕಳಿಸುವಾಗಲೆಲ್ಲ ಬೆರಳು ಒಂದು ಗಳಿಗೆ ತಡೆಯುತ್ತದೆ.

ನಕಲು ತೆಗೆದು ತೋರಿಸಿದ ದಿನ ಸಂಜೆ ಮೇಷ್ಟ್ರು ಮೆಟ್ಟಿಲಲ್ಲಿ ಎದುರಾದರು. ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ. "ಪಾಸ್‌ವರ್ಡ್ ಬದಲಾಯ್ಸುದ್ರಾ?" ಎಂದು ಅವರೇ ಕೇಳಿದರು. ಹೂಂ ಎಂದೆ. ನಾಳೆ ಹೇಳಿದರಾಯಿತು ಅಂದುಕೊಂಡು ತಿಂಗಳುಗಳು ಹೋದವು. ಅವರ ಕರಾರು ಮುಗಿಯಿತು, ಕಂಪನಿ ಮತ್ತೆ ಕರೆಯಲಿಲ್ಲ...

ಹೋದ ತಿಂಗಳು ಆ ಬಸ್ಸಿನಿಂದಿಳಿದು ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿ ಮೇಷ್ಟ್ರ ಮನೆ ಎಲ್ಲಿ ಎಂದು ಕೇಳಿದೆ. ಅವರು ತೀರಿಕೊಂಡು ವರ್ಷದ ಮೇಲಾಯಿತು ಎಂದರು.

ಮುಂದಿನ ಭಾನುವಾರ ಮಳವಳ್ಳಿಗೆ ಹೋದೆ. ಅವರ ಹೆಂಡತಿ ಬಾಗಿಲು ತೆಗೆದರು. ನನ್ನ ಹೆಸರು ಹೇಳಿ ಅವರ ಮುಖವನ್ನೇ ನೋಡಿದೆ. ಗಂಡನನ್ನು ಕಳ್ಳ ಎಂದವಳು ಇವಳೇ ಎಂದು ಈಗ ಗುರುತಿಸುತ್ತಾರೆ, ಈಗ ಗುರುತಿಸುತ್ತಾರೆ...

"ಗೊತ್ತಾಗ್ನಿಲ್ಲ ಕಣವ್ವ" ಎಂದರು. "ಆಪೀಸಿನ ಇಚಾರ ಒಂದೂ ಮನೇಲಿ ಆಡ್ತಿರ್ನಿಲ್ಲ ಅವ್ರು. ಯಾರ್ ಎಸ್ರೂ ಏಳ್ತಿರ್ನಿಲ್ಲ. ಬನ್ನಿ, ಕೂತ್ಕಳಿ."

ಕಾಫಿ ತಂದುಕೊಟ್ಟರು. ಮನಸ್ಸಿನಲ್ಲಿ ಹೊತ್ತು ತಂದಿದ್ದ ಮಾತನ್ನು ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ. ಅವರು ಮನೆಗೆ ತರದೇ ಹೋದದ್ದನ್ನು, ಅವರಿಲ್ಲದಾಗ ನಾನು ತಂದು ಈ ತಾಯಿಯ ಮುಂದೆ ಇಡುವುದೆ? ಲೋಟ ಖಾಲಿ ಮಾಡಿದೆ.

"ಒಳ್ಳೇ ಮನುಷ್ರು" ಎಂದೆ.

"ಊಂ ಕಣವ್ವ" ಎಂದರು. ನಾನು ಅಷ್ಟೇ ಹೇಳಿ ಎದ್ದುಬಂದೆ.